ಕಾಳಗ ಕಡಲು ದಾಟಿತು, ಕಥೆ ಮನೆಯಲ್ಲೇ ಉಳಿಯಿತು



ವಿಡಿಯೋ ಗೇಮಿಗೂ ಇತಿಹಾಸಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಪಗಡೆ, ಚದುರಂಗ, ಅಳಗುಳಿಮಣೆಗಳು ಒಂದು ಸಮಾಜದ ಚರಿತ್ರೆಯನ್ನು ಹೇಳುವುದಾದರೆ, ಪರದೆಯ ಮೇಲಿನ ಆಟವೂ ಹೇಳಬೇಕಲ್ಲವೇ? ಅಂಥ ಒಂದು ಆಟ 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಹೆಸರು ‘ಶಿನ್‌ಸೆತ್ಸು ಸಮುರಾಯ್ ಸ್ಪಿರಿಟ್ಸ್: ಬುಶಿದೋ ರೆತ್ಸುದೆನ್’. ಬುಶಿದೋ ಎಂದರೆ ಸಮುರಾಯ್ ಯೋಧರ ನಡತೆಯ ದಾರಿ. ‘ರೆತ್ಸುದೆನ್’ ಎಂಬ ಉಚ್ಚಾರಣೆ ವ್ಯಕ್ತಿಚರಿತ್ರೆಗಳ ಮಾಲೆಯನ್ನು ನೆನಪಿಸುವಂಥದು. ಇದು ಹುಟ್ಟಿಬಂದ ಮೂಲ ಆಟಗಳು ದೇಶವಿದೇಶ ಸುತ್ತಿದವು. ಇದು ಮಾತ್ರ ಜಪಾನಿನಲ್ಲೇ ಉಳಿಯಿತು. ಈ ವ್ಯತ್ಯಾಸವನ್ನು ಅರಿಯಲು ಹೊರಟರೆ ಕೊನೆಗೆ ನಮ್ಮ ಹೆಬ್ಬಾಳದ ಒಂದು ಕಲ್ಲಿನ ಎದುರು ಬಂದು ನಿಲ್ಲುತ್ತೇವೆ.

ನಾಣ್ಯ ಹಾಕಿ ಆಡುವ ಕಾಳಗ

1991ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಬಂದ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟಗಳಿಗೆ ಎಲ್ಲೆಡೆ ಬೇಡಿಕೆ ಬಂತು. ಜಪಾನಿನಲ್ಲಿ 1978ರಲ್ಲಿ ಆರಂಭವಾಗಿದ್ದ ಎಸ್‌ಎನ್‌ಕೆ ಕಂಪನಿ 1990ರಲ್ಲಿ ‘ನಿಯೋ ಜಿಯೋ’ ಎಂಬ ಯಂತ್ರವನ್ನು ಹೊರತಂದಿತ್ತು. ಅದೇ ಯಂತ್ರಕ್ಕಾಗಿ 1993ರಲ್ಲಿ ‘ಸಮುರಾಯ್ ಸ್ಪಿರಿಟ್ಸ್’ ತಯಾರಾಯಿತು. ಹೊರದೇಶಗಳಲ್ಲಿ ಇದರ ಹೆಸರು ‘ಸಮುರಾಯ್ ಶೋಡೌನ್’. ಇದರಲ್ಲಿ ಬರಿಗೈ ಗುದ್ದಾಟಕ್ಕಿಂತ ಕತ್ತಿವರಸೆಗೇ ಪ್ರಾಧಾನ್ಯ. ಕಥೆ ನಡೆಯುವುದು 18ನೇ ಶತಮಾನದ ಕೊನೆಯ ಭಾಗದ ಜಪಾನಿನಲ್ಲಿ, ಅಂದರೆ ಇಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಸುಮಾರಿಗೆ.

ನಾಣ್ಯ ನುಂಗುವ ಯಂತ್ರಕ್ಕೆ ಒಂದು ಆರ್ಥಿಕ ನಿಯಮವಿದೆ: ಆಟ ಬೇಗ ಮುಗಿಯಬೇಕು, ಮುಂದಿನವನು ನಾಣ್ಯ ಹಾಕಬೇಕು. ಹಾಗಾಗಿ ಇಲ್ಲಿ ಮಾತಿಗೆ ಸಮಯವಿಲ್ಲ. ಪರದೆಯ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರಗಳು ಓಡುತ್ತವೆ, ಕಣ್ಣು ಮತ್ತು ಬೆರಳು ಅವುಗಳ ಜೊತೆ ಓಡಬೇಕು. ಮೇಲಿರುವ ಪಟ್ಟಿ ಕುಗ್ಗಿದರೆ ಪ್ರಾಣ ಕುಗ್ಗಿತು ಎಂದರ್ಥ. ಇದನ್ನು ಅರಿಯಲು ಯಾವ ಭಾಷೆಯೂ ಬೇಡ. ಒಸಾಕಾದ ಹುಡುಗನಿಗೂ ಯಶವಂತಪುರದ ಹುಡುಗನಿಗೂ ಅದು ಒಂದೇ.

‘ಏಕೆ’ ಎಂದು ಕೇಳುವ ಆಟ

ಪಾತ್ರ ವಹಿಸುವ ಆಟ, ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಬೇರೆಯದೇ ಮನೆತನದ್ದು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲ್, ದಾಳಗಳಿಂದ ಆಡುವಂಥದು. ಈ ಬಗೆಯ ಆಟವನ್ನು ಜಪಾನಿನ ಮನೆಮನೆಗೆ ತಂದದ್ದು 1986ರ ‘ಡ್ರಾಗನ್ ಕ್ವೆಸ್ಟ್’. ಇದರಲ್ಲಿ ನೀವು ಊರಿಂದೂರಿಗೆ ನಡೆಯುತ್ತೀರಿ, ಜನರನ್ನು ಮಾತನಾಡಿಸುತ್ತೀರಿ, ಗೆದ್ದಂತೆಲ್ಲ ಅನುಭವದ ಅಂಕ ಕೂಡಿಸಿಕೊಂಡು ಬಲಿಯುತ್ತೀರಿ. ಬೆರಳಿನ ವೇಗಕ್ಕಿಂತ ಯೋಚನೆಗೆ ಇಲ್ಲಿ ಬೆಲೆ.

‘ಬುಶಿದೋ ರೆತ್ಸುದೆನ್’ ಈ ಎರಡು ಮನೆತನಗಳ ನಡುವಿನ ಮದುವೆ. ಮೊದಲ ಎರಡು ಕಾಳಗದ ಆಟಗಳ ಕಥೆಗಳನ್ನು ಅದು ಅಧ್ಯಾಯಗಳಾಗಿ ಬಿಡಿಸಿ ಹೇಳುತ್ತದೆ. ಆರು ಮಂದಿಯಲ್ಲಿ ಒಬ್ಬರನ್ನು ನೀವು ನಾಯಕರಾಗಿ ಆರಿಸಬೇಕು: ಅಲೆಮಾರಿ ಖಡ್ಗವೀರ ಹಾಓಮಾರು, ಅವನೊಂದಿಗೇ ವಿದ್ಯೆ ಕಲಿತು ಈಗ ಅವನ ವೈರಿಯಾದ ಗೆಂಜೂರೋ, ಐನು ಬುಡಕಟ್ಟಿನ ಹುಡುಗಿ ನಾಕೊರುರು, ಅಮೆರಿಕದಿಂದ ಬಂದ ಗಾಲ್‌ಫೋರ್ಡ್, ಕಾಡಿನ ಹುಡುಗಿ ಚಾಮ್ ಚಾಮ್, ಕ್ಷಯರೋಗಿ ಉಕ್ಯೋ.

ಉಕ್ಯೋನನ್ನೇ ನೋಡಿ. ಕಾಳಗದ ಆಟದಲ್ಲಿ ಅವನು ಕತ್ತಿ ಬೀಸುತ್ತಾನೆ, ಕೆಮ್ಮುತ್ತಾನೆ. ನೋಡುವವರಿಗೆ ಅದೊಂದು ವಿಚಿತ್ರ ಭಂಗಿ, ಅಷ್ಟೇ. ತಾನು ಪ್ರೀತಿಸಿದ ಹೆಣ್ಣಿಗಾಗಿ ಅಪೂರ್ವವಾದ ಒಂದು ಹೂವನ್ನು ಹುಡುಕಿ ಹೊರಟವನು ಆತ, ಕೈಯಲ್ಲಿರುವ ಆಯುಸ್ಸು ಕಡಿಮೆ ಎಂದು ಬಲ್ಲವನು ಎಂಬುದು ತಿಳಿದಾಗ ಆ ಕೆಮ್ಮಿಗೇ ಬೇರೆ ಅರ್ಥ ಬರುತ್ತದೆ. ಕತ್ತಿಯೇಟನ್ನು ಕಣ್ಣಿಗೆ ತೋರಿಸಬಹುದು. ಅದರ ಕಾರಣವನ್ನು ಮಾತಿನಲ್ಲಿ ಹೇಳಿಯೇ ತಿಳಿಸಬೇಕು.

ಆಟದ ಅಮಾಕುಸ, ಚರಿತ್ರೆಯ ಅಮಾಕುಸ

ಇಲ್ಲಿ ಒಂದು ಎಚ್ಚರಿಕೆ. ಮೊದಲ ಆಟದ ಖಳನಾಯಕ ಅಮಾಕುಸ ಶಿರೋ ತೊಕಿಸಾದ, ಸತ್ತು ಮತ್ತೆ ಎದ್ದುಬಂದ ಮಾಯಾವಿ. ಆದರೆ ಆ ಹೆಸರಿನವನು ನಿಜವಾಗಿಯೂ ಇದ್ದ. 1637ರಲ್ಲಿ ಭಾರಿ ತೆರಿಗೆ ಮತ್ತು ಕ್ರೈಸ್ತರ ಮೇಲಿನ ದಮನದಿಂದ ಬೇಸತ್ತ ಶಿಮಾಬಾರಾ ಪ್ರದೇಶದ ರೈತರು ದಂಗೆಯೆದ್ದಾಗ ಅವರ ಮುಂದಾಳಾಗಿ ನಿಂತವನು ಹದಿಹರೆಯದ ಈ ಹುಡುಗ, ಸುಮಾರು ನಿಮ್ಮದೇ ವಯಸ್ಸಿನವನು. 1638ರಲ್ಲಿ ಹಾರಾ ಕೋಟೆ ಬಿದ್ದಿತು, ಅವನು ಪ್ರಾಣ ಕಳೆದುಕೊಂಡ. ಸೋತವರ ನಾಯಕ ಆಟದಲ್ಲಿ ರಾಕ್ಷಸನಾದದ್ದು ಕಲ್ಪನೆಯ ಸ್ವಾತಂತ್ರ್ಯ. ಆಟವನ್ನು ಆಡಿ ಆನಂದಿಸಿ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಮಾತ್ರ ಪುಸ್ತಕವನ್ನೇ ನಂಬಿ!

ಅಕ್ಷರದ ಭಾರ

ಇಂಥ ಆಟವನ್ನು ಇನ್ನೊಂದು ಭಾಷೆಗೆ ತರುವುದು ಎಷ್ಟು ಕಷ್ಟ? ಸ್ವಲ್ಪ ಲೆಕ್ಕ ಹಾಕೋಣ. ಜಪಾನಿ ಬರವಣಿಗೆಯಲ್ಲಿ ಎರಡು ಬಗೆಯ ಉಚ್ಚಾರಣಾ ಲಿಪಿಗಳ ಜೊತೆಗೆ ಚೀನಾ ಮೂಲದ ‘ಕಾಂಜಿ’ ಚಿಹ್ನೆಗಳೂ ಇವೆ. 1981ರ ಸರ್ಕಾರಿ ಪಟ್ಟಿಯಲ್ಲಿದ್ದ ನಿತ್ಯಬಳಕೆಯ ಕಾಂಜಿಗಳೇ 1,945. ಒಂದೊಂದನ್ನೂ ಅಡ್ಡ 16, ಉದ್ದ 16 ಚುಕ್ಕೆಗಳ ಚೌಕದಲ್ಲಿ ಬರೆದರೆ 256 ಚುಕ್ಕೆ, ಅಂದರೆ 32 ಬೈಟ್. ಪಟ್ಟಿ ಪೂರ್ತಿಗೆ 62,240 ಬೈಟ್ ಬೇಕು. ‘ಸಮುರಾಯ್’ ಎಂಬ ಪದಕ್ಕೆ ಅಲ್ಲಿ ಒಂದೇ ಚೌಕ ಸಾಕು, ಇಂಗ್ಲಿಷಿನಲ್ಲಿ ಏಳು ಅಕ್ಷರ. ಮಾತಿನ ಪೆಟ್ಟಿಗೆಯ ಅಳತೆ, ಸಾಲುಗಳ ಸಂಖ್ಯೆ, ಪಟ್ಟಿಗಳ ಜೋಡಣೆ ಎಲ್ಲವನ್ನೂ ಮತ್ತೆ ಕಟ್ಟಬೇಕು. ಸಾವಿರಾರು ಸಾಲುಗಳ ಅನುವಾದ ಬೇರೆ. ಕಾಳಗದ ಆಟಕ್ಕಾದರೆ ಒಂದೆರಡು ಪುಟದ ಅನುವಾದ ಸಾಕಾಗಿತ್ತು.

ದೃಶ್ಯಮಾಧ್ಯಮದಲ್ಲಿ ದುಡಿಯುವ ನಮಗೆ ಇದು ದಿನನಿತ್ಯದ ಅನುಭವ. ಕುಸ್ತಿಯ ಪಂದ್ಯವನ್ನು ಧ್ವನಿ ನಿಲ್ಲಿಸಿ ನೋಡಿದರೂ ಅರ್ಥವಾಗುತ್ತದೆ. ನಾಟಕವನ್ನು ಹಾಗೆ ನೋಡಲಾಗದು.

ಹೆಬ್ಬಾಳದ ಕಿಟ್ಟಯ್ಯ

ಈಗ ನಮ್ಮೂರಿಗೆ ಬರೋಣ. ಕಾಳಗದಲ್ಲಿ ಮಡಿದವನ ಕಥೆಯನ್ನು ಉಳಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ, ಅದರ ಹೆಸರು ವೀರಗಲ್ಲು. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಓದು ಬಾರದವರಿಗೂ ಈ ಚಿತ್ರ ತಿಳಿಯುತ್ತದೆ. ಆದರೆ ಸತ್ತವನು ಯಾರು, ಯಾರಿಗಾಗಿ ಸತ್ತ ಎಂಬುದು ಅಕ್ಷರಗಳಲ್ಲಿದೆ.

2018ರಲ್ಲಿ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ ಸೈನ್ಯ ಪೆರ್ಬೊಳಲು ನಾಡಿನ ಮೇಲೆ ಬಿದ್ದಾಗ ಕಾದಾಡಿ ಮಡಿದ ಕಿಟ್ಟಯ್ಯನ ಸ್ಮಾರಕ ಅದು. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಹಳಗನ್ನಡದ ‘ಪಾಲು’ ಇಂದು ‘ಹಾಲು’ ಆದಂತೆ ‘ಪೆರ್’ ಎಂಬುದು ‘ಹೆಬ್’ ಆಗಿದೆ. ಹಳಗನ್ನಡ ಲಿಪಿಯನ್ನು ಓದಬಲ್ಲವರು ಇದ್ದುದರಿಂದ ಆ ಕಲ್ಲಿಗೆ ಮತ್ತೆ ಹೆಸರು ಬಂತು. ಇಲ್ಲದಿದ್ದರೆ ಅದು ಕತ್ತಿ ಹಿಡಿದ ಯಾರೋ ಒಬ್ಬನ ಚಿತ್ರವಾಗಿ ಉಳಿಯುತ್ತಿತ್ತು. ಭಾಷೆ ಬಾರದವನ ಕೈಯಲ್ಲಿ ‘ಬುಶಿದೋ ರೆತ್ಸುದೆನ್’ ಕೂಡ ಹಾಗೆಯೇ: ಚಿತ್ರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ನಮ್ಮ ಕಥೆ ಯಾರು ಹೇಳಬೇಕು?

ಆ ಆಟ ಹೊರಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಸ್ಥಾಪಿಸಿದರು. ಭಾರತದ ಗೇಮ್ ಉದ್ಯಮದ ಮೊದಲಿಗರಲ್ಲಿ ಅದೊಂದು. ವಿದೇಶಿ ಕಂಪನಿಗಳ ಅನೇಕ ಆಟಗಳಿಗೆ ಅಲ್ಲಿನ ಕಲಾವಿದರು ಚಿತ್ರ ರೂಪಿಸಿದರು. 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಕೌಶಲಕ್ಕೆ ನಮ್ಮಲ್ಲಿ ಕೊರತೆಯಿಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ಇನ್ನೊಬ್ಬರ ಕಥೆಗೆ ಬಣ್ಣ ಬಳಿಯುವುದು ಒಂದು ಕೆಲಸ, ನಮ್ಮ ಕಥೆಯನ್ನು ನಮ್ಮ ಮಾತಿನಲ್ಲಿ ಕಟ್ಟುವುದು ಇನ್ನೊಂದು. ಜಪಾನಿನವರು ಆ ಆಟವನ್ನು ತಮ್ಮವರು ಓದಲೆಂದೇ ಬರೆದರು. ಹೊರಗಿನವರಿಗೆ ಅದು ಸಿಗದಿದ್ದುದು ನಷ್ಟವೇ. ಅವರಿಗೆ ಮಾತ್ರ ಅದೊಂದು ಗಳಿಕೆ.

ಯಲಹಂಕದಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ ಇರುವವರಿಗೆ ಹೆಬ್ಬಾಳ ದೂರವಲ್ಲ. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಹೋಗಿ, ಕಲ್ಲನ್ನು ನೋಡಿ ಬನ್ನಿ. ಕಿಟ್ಟಯ್ಯನನ್ನು ಪಾತ್ರವಾಗಿಸಿ ಒಂದು ಆಟ ಮಾಡುವುದಾದರೆ ಅವನ ಊರು, ಅವನ ಜನ, ಅವನ ಎದುರಾಳಿ ಇವರಲ್ಲಿ ಯಾರು ಯಾರು ಮಾತನಾಡಬೇಕು? ಪ್ರತಿಯೊಬ್ಬರಿಗೂ ಒಂದೊಂದು ಮಾತು ಬರೆಯಿರಿ, ಕನ್ನಡದಲ್ಲಿ. ಶಾಸನದಿಂದ ಬಂದ ಮಾತು ಯಾವುದು, ನಿಮ್ಮ ಕಲ್ಪನೆ ಯಾವುದು ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಆಮೇಲೆ ಅದನ್ನು ನಿಮ್ಮ ಇತಿಹಾಸದ ಮೇಷ್ಟ್ರಿಗೆ ತೋರಿಸಿ.