ಮಿಂದು, ಉಟ್ಟು, ಉಂಡ ರಾತ್ರಿ

ಬೆಂಗಳೂರಿನ ಚರ್ಚೊಂದರ ಬಾಗಿಲು. ಭಾನುವಾರದ ಪೂಜೆ ಮುಗಿದು, ಮಗುವೊಂದರ ದೀಕ್ಷಾಸ್ನಾನಕ್ಕೆ ಬಂದವರಷ್ಟೇ ಉಳಿದಿದ್ದರು. ‘ಪಾಪುಗೆ ಇನ್ನೂ ವೈಟ್ ಹಾಕಿಲ್ವಾ? ಬೇಗ ಹಾಕ್ಬಿಡು, ಫಾದರ್ ಬರ್ತಿದಾರೆ’ ಎಂದಳು ಚಿಕ್ಕಮ್ಮನಂತೆ ಕಂಡ ಹುಡುಗಿ. ಪಕ್ಕದಲ್ಲಿದ್ದ ಅಜ್ಜಿ ಕೈ ಅಡ್ಡ ಹಿಡಿದರು. ‘ಈಗಲ್ಲ ಕಣೇ. ತಲೆಗೆ ನೀರು ಹುಯ್ದ ಮೇಲೆ ತೊಡಿಸೋದು.’

ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡ ಈ ಅಂಕಣಕಾರನಿಗೆ ಅಜ್ಜಿಯ ಕಾಲಿಗೆ ಬೀಳಬೇಕೆನಿಸಿತು. ಕನ್ನಡದಲ್ಲಿ ಸೀರೆ ಉಡುತ್ತಾರೆ, ರವಿಕೆ ತೊಡುತ್ತಾರೆ, ಕಂಬಳಿ ಹೊದೆಯುತ್ತಾರೆ, ರುಮಾಲು ಸುತ್ತುತ್ತಾರೆ, ಹೂ ಮುಡಿಯುತ್ತಾರೆ, ಬೊಟ್ಟು ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಅಥವಾ ಹಾಗೆಲ್ಲ ಮಾಡುತ್ತಿದ್ದರು. ಈಗ ಸೀರೆ ಹಾಕುತ್ತಾರೆ, ಹೂ ಹಾಕುತ್ತಾರೆ, ಚಪ್ಪಲಿ ಹಾಕುತ್ತಾರೆ. ಸಾರಿಗೆ ಉಪ್ಪನ್ನೂ ಅದೇ ಕೈಯಲ್ಲಿ ಹಾಕುತ್ತಾರೆ. ಕಚ್ಚೆಯೊಂದನ್ನು ಹಿಂದಿನಿಂದಲೂ ಹಾಕುತ್ತಲೇ ಬಂದಿರುವುದರಿಂದ ಅದರ ಮೇಲೆ ತಕರಾರಿಲ್ಲ.

ಅಜ್ಜಿ ಹೇಳಿದ ಕ್ರಮಕ್ಕೆ ಹದಿನಾರು ಶತಮಾನಕ್ಕೂ ಮಿಕ್ಕ ವಯಸ್ಸು. 4ನೇ ಶತಮಾನದ ಜೆರುಸಲೇಮಿನಲ್ಲಿ ಬಿಷಪ್ ಆಗಿದ್ದ ಸಿರಿಲ್‌ನ ಹೆಸರಿನಲ್ಲಿ ಕೆಲವು ಪ್ರವಚನಗಳು ಉಳಿದಿವೆ. ಈಸ್ಟರ್ ಹಬ್ಬದಲ್ಲಿ ಹೊಸದಾಗಿ ದೀಕ್ಷೆ ಪಡೆದವರಿಗೆ, ನಡೆದದ್ದು ಏನೆಂದು ಆಮೇಲೆ ಬಿಡಿಸಿ ಹೇಳಿದ ಮಾತುಗಳು ಅವು. ಮೊದಲು ಪಡುವಣಕ್ಕೆ ಮುಖ ಮಾಡಿ ಸೈತಾನನನ್ನು ನಿರಾಕರಿಸಬೇಕು. ಬಳಿಕ ಮೈಮೇಲಿನ ಬಟ್ಟೆಯೆಲ್ಲ ಕಳಚಬೇಕು. ಶಿಲುಬೆಯ ಮೇಲೆ ಕ್ರಿಸ್ತನೂ ಹಾಗೇ ಇದ್ದನಲ್ಲ. ಮೈಗೆ ಎಣ್ಣೆ, ನೀರಿನಲ್ಲಿ ಮೂರು ಮುಳುಗು. ಮೂರು ಮುಳುಗೆಂದರೆ ಗೋರಿಯೊಳಗಿನ ಮೂರು ದಿನ. ಆ ನೀರು ಒಟ್ಟಿಗೇ ಗೋರಿಯೂ ಹೌದು, ತಾಯಿಯೂ ಹೌದು ಎನ್ನುತ್ತದೆ ಪ್ರವಚನ. ಮೇಲೆದ್ದು ಬಂದವರಿಗೆ ಬಿಳಿ ಉಡುಪು. ಆಮೇಲೆ ಪ್ರಭುಭೋಜನ.

ಅಂದರೆ ಮಿಂದು, ಉಟ್ಟು, ಉಂಡು. ಇಲ್ಲಿ ನಮ್ಮ ಗಾದೆಯೊಂದು ಅಡ್ಡ ಬರುತ್ತದೆ: ‘ಉಂಡದ್ದೇ ಉಗಾದಿ, ಮಿಂದದ್ದೇ ದೀವಳಿಗೆ.’ ಬಡವರ ಮನೆಯ ಪಂಚಾಂಗವಿದು. ಹೊಟ್ಟೆ ತುಂಬಿದ ದಿನ ಉಗಾದಿ, ತಲೆಗೆ ಎಣ್ಣೆ ಬಿದ್ದ ದಿನ ದೀವಳಿಗೆ. ಉಣ್ಣುವುದಕ್ಕೆ ಹೋಳಿಗೆಯ ಹಬ್ಬ ಸರಿಯೇ. ಮೀಯುವುದಕ್ಕೆ ದೀಪಾವಳಿಗಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ಸಂಜೆಯೇ ಹಂಡೆ ತಿಕ್ಕಿ ತೊಳೆದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬಿಟ್ಟರೆ ನರಕ ಚತುರ್ದಶಿಯ ಬೆಳಗು ಆವಿಯಲ್ಲೇ ಹುಟ್ಟುತ್ತದೆ. ಆದರೆ ಗಾದೆಯ ಕ್ರಮ ನೋಡಿ, ಮೊದಲು ಊಟ, ಆಮೇಲೆ ಸ್ನಾನ! ಮೀಯದೆ ಎಲೆಯ ಮುಂದೆ ಕೂತರೆ ಬೈಸಿಕೊಳ್ಳುವ ನಾಡಿನಲ್ಲಿ ಇಂಥ ಗಾದೆ ಹುಟ್ಟಿದ್ದು ಹೇಗೋ. ಪಂಚಾಂಗದಲ್ಲಿ ಉಗಾದಿ ಮೊದಲು ಬರುತ್ತದೆಂದು ಸಮಾಧಾನ ಹೇಳಬಹುದು. ಉಂಡದ್ದು-ಉಗಾದಿ ಎಂಬ ಉಕಾರದ ಆಸೆಗೇ ಹೀಗಾಯಿತು ಎಂದು ಈ ಅಂಕಣಕಾರನ ಗುಮಾನಿ. ಹೆಚ್ಚು ಕಾಡುವುದು ಬೇರೆಯದು. ಉಂಡದ್ದಾಯಿತು, ಮಿಂದದ್ದಾಯಿತು, ಉಟ್ಟದ್ದು ಎಲ್ಲಿ? ಗಾದೆ ಕಟ್ಟಿದವರಿಗೆ ಹಬ್ಬಕ್ಕೂ ಹೊಸ ಬಟ್ಟೆ ಸಿಕ್ಕಿರಲಿಲ್ಲವೇನೋ. ಆ ಖಾಲಿ ಜಾಗಕ್ಕೆ ಒಂದು ಹಬ್ಬ ಬೇಕೆಂದರೆ ಈಸ್ಟರೇ ಸರಿ: ಉಟ್ಟದ್ದೇ ಈಸ್ಟರು.

ಪ್ರಾಸ ಕೂಡಲಿಲ್ಲ, ಒಪ್ಪಿಕೊಳ್ಳೋಣ.

ಕನ್ನಡ ಸತ್ಯವೇದ ಮಾತ್ರ ಉಡುವುದನ್ನೂ ತೊಡುವುದನ್ನೂ ಬಿಟ್ಟು ಧರಿಸುವುದನ್ನು ಹಿಡಿಯಿತು. ದೀಕ್ಷಾಸ್ನಾನ ಮಾಡಿಸಿಕೊಂಡವರು ಕ್ರಿಸ್ತನನ್ನೇ ಧರಿಸಿಕೊಂಡವರು ಎಂಬುದು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲನ ಮಾತಿನ ಸಾರ. ಕೊರಿಂಥದವರಿಗೆ ಬರೆಯುವಾಗ ಪುನರುತ್ಥಾನಕ್ಕೂ ಇದೇ ಬಟ್ಟೆಯ ಭಾಷೆ: ಅಳಿಯುವ ದೇಹ ಅಳಿವಿಲ್ಲದ್ದನ್ನು ಧರಿಸಬೇಕು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದುಡಿದು 1831ರಲ್ಲಿ ಪೂರ್ಣ ಕನ್ನಡ ಬೈಬಲ್ ಅಚ್ಚಾದಂದಿನಿಂದ ಈ ಅನುವಾದ ಎಷ್ಟೋ ಕೈಗಳಲ್ಲಿ ತಿದ್ದಿಸಿಕೊಂಡಿದೆ. ಇವತ್ತು ಓದುವ ಪ್ರತಿಯಲ್ಲಿರುವುದು ‘ಧರಿಸಿಕೊಳ್ಳು’.

ಈ ಕ್ರಿಯಾಪದವೀಗ ಆಡುಮಾತಿನಿಂದ ಹೆಚ್ಚುಕಡಿಮೆ ಗಡೀಪಾರಾಗಿದೆ. ಉಳಿದಿರುವುದು ‘ಹೆಲ್ಮೆಟ್ ಧರಿಸಿ’ ಎಂಬ ಫಲಕದಲ್ಲಿ, ಮತ್ತು ಕಾಣೆಯಾದವರ ಪ್ರಕಟಣೆಯಲ್ಲಿ: ಮನೆ ಬಿಟ್ಟಾಗ ನೀಲಿ ಅಂಗಿ ಧರಿಸಿದ್ದರು. ಆದರೂ ಪೌಲನ ಮಾತಿಗೆ ಇದಕ್ಕಿಂತ ಒಗ್ಗುವ ಪದ ಕನ್ನಡದಲ್ಲಿ ಇನ್ನೊಂದಿಲ್ಲ ಎಂಬುದು ಈ ಅಂಕಣಕಾರನ ವಾದ. ‘ಉಡು’ ಎಂದರೆ ಸೊಂಟದ ಸುತ್ತಲೇ ನಿಲ್ಲುತ್ತದೆ. ‘ಹೊದೆ’ ಎಂದರೆ ಒಳಗಿನದನ್ನು ಮುಚ್ಚಿಡುತ್ತದೆ. ‘ಧರಿಸು’ ಒಳಗೂ ಇದೆ, ಹೊರಗೂ ಇದೆ. ಬಟ್ಟೆ ಧರಿಸುತ್ತಾರೆ, ಗರ್ಭವನ್ನೂ ಧರಿಸುತ್ತಾರೆ. ಜನಿವಾರ, ಲಿಂಗ, ವಿಭೂತಿ, ಹೀಗೆ ಬದುಕಿಗೆ ಗುರುತು ಹಾಕುವ ವಸ್ತುಗಳೆಲ್ಲ ಇದೇ ಪದದ ಹೆಗಲೇರಿವೆ. (ಗುರುತನ್ನು ಹಾಕಲೇಬೇಕಾಯಿತು, ಕ್ಷಮಿಸಿ.) ಅನುವಾದಕರು ಇಷ್ಟೆಲ್ಲ ಲೆಕ್ಕ ಹಾಕಿದ್ದರೆಂದು ಯಾರೂ ಆಣೆ ಮಾಡಲಾರರು. ಆದರೆ ನೀರನ್ನು ಗೋರಿಯೂ ತಾಯಿಯೂ ಎಂದ ಜೆರುಸಲೇಮಿನ ಪ್ರವಚನಕಾರನಿಗೆ ಈ ಕನ್ನಡ ಪದ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

‘ಬ್ಯಾಪ್ಟಿಸಂ’ ಪದದ ಮೂಲ ಯಾವ ನಿಘಂಟಿನಲ್ಲೂ ಸಿಗುತ್ತದೆ, ಅದನ್ನು ಬಿಡೋಣ. ಪೌಲ ‘ಧರಿಸು’ವುದಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ಅದಕ್ಕಿಂತ ಸೊಗಸು. ಅದರ ಬುಡದಲ್ಲಿರುವ ಧಾತುವಿಗೆ ಮುಳುಗು ಎಂಬ ಅರ್ಥವೂ ಇದೆ, ತೊಡು ಎಂಬ ಅರ್ಥವೂ ಇದೆ. ಗ್ರೀಕರ ಸೂರ್ಯ ಮುಳುಗುವುದೂ ಅದೇ ಧಾತುವಿನಲ್ಲಿ. ಸಿರಿಯಾಕ್ ಭಾಷೆಯವರು ಇನ್ನೂ ಮುಂದೆ ಹೋದರು. ದೇವರು ಮನುಷ್ಯನಾದದ್ದಕ್ಕೆ ಅವರ ಮಾತು ‘ದೇಹ ತೊಟ್ಟ’ ಎಂದು. ಏದೆನ್ ತೋಟದಲ್ಲಿ ಆದಾಮ ಕಳೆದುಕೊಂಡದ್ದು ಬೆಳಕಿನ ನಿಲುವಂಗಿ. ಜೋರ್ದಾನಿಗೆ ಇಳಿದ ಕ್ರಿಸ್ತ ಅದನ್ನು ನೀರಿನಲ್ಲಿಟ್ಟು ಬಂದ. ದೀಕ್ಷೆಯ ಕೊಳಕ್ಕೆ ಇಳಿದವರಿಗೆ ಅದು ಮರಳಿ ಸಿಗುತ್ತದೆ. 521ರಲ್ಲಿ ತೀರಿಕೊಂಡ ಸೆರುಗಿನ ಯಾಕೋಬನ ಪದ್ಯಪ್ರವಚನಗಳಲ್ಲಿ ಈ ಕತೆ ಮತ್ತೆ ಮತ್ತೆ ಬರುತ್ತದೆ. ಬೆಳ್ತಂಗಡಿ ಕಡೆಯ ಸಿರೋ-ಮಲಬಾರ್ ಕುಟುಂಬಗಳ ಪೂಜಾ ಪರಂಪರೆಯ ಬೇರು ಇದೇ ಸಿರಿಯಾಕಿನಲ್ಲಿದೆ.

ಬಿಳಿ ಬಟ್ಟೆಯ ಆಯಸ್ಸು ಎಂಟು ದಿನ. ಈಸ್ಟರಿಗೆ ತೊಟ್ಟವರು ಮುಂದಿನ ಭಾನುವಾರದ ಹೊತ್ತಿಗೆ ತೆಗೆದಿಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಆ ಭಾನುವಾರಕ್ಕೆ ಬಿಳಿ ಬಟ್ಟೆಯದೇ ಹೆಸರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅಷ್ಟು ದಿನವೂ ಬದುಕುವ ನಂಬಿಕೆಯಿಲ್ಲದೆ 337ರಲ್ಲಿ, ನಿಕೊಮೀಡಿಯದ ಹೊರವಲಯದಲ್ಲಿ ಸಾವಿನ ಹಾಸಿಗೆಯಲ್ಲಿ ದೀಕ್ಷೆ ಪಡೆದ. ಬಿಳಿ ತೊಟ್ಟವನು ಮತ್ತೆ ರಾಜಪದವಿಯ ಊದಾ ಬಣ್ಣದ ಬಟ್ಟೆಯನ್ನು ಮುಟ್ಟಲು ಒಪ್ಪಲಿಲ್ಲ ಎಂದು ಅವನ ಚರಿತ್ರೆ ಬರೆದ ಯುಸೀಬಿಯಸ್ ದಾಖಲಿಸಿದ್ದಾನೆ.

ಇಂಗ್ಲೆಂಡಿನಲ್ಲಿ ಈ ಬಟ್ಟೆಗೆ ‘ಕ್ರಿಸಮ್’ ಎನ್ನುತ್ತಿದ್ದರು. 1549ರ ಪ್ರಾರ್ಥನಾ ಪುಸ್ತಕದಲ್ಲಿ ಅದಕ್ಕೆ ಜಾಗವಿತ್ತು, 1552ರದರಲ್ಲಿ ಇಲ್ಲ. ಪುಸ್ತಕದಿಂದ ಹೋದರೂ ಪದ ಹೋಗಲಿಲ್ಲ. ಹುಟ್ಟಿದ ತಿಂಗಳೊಳಗೆ ತೀರಿಕೊಂಡ ಕೂಸನ್ನು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದರು. ಅಂಥ ಕೂಸುಗಳಿಗೂ ‘ಕ್ರಿಸಮ್’ ಎಂದೇ ಹೆಸರಾಯಿತು. 17ನೇ ಶತಮಾನದ ಲಂಡನ್ನಿನ ಸಾವಿನ ಪಟ್ಟಿಗಳಲ್ಲಿ ಕ್ಷಯ, ಪ್ಲೇಗುಗಳ ಜೊತೆ ಅದೂ ಒಂದು ಬಾಬತ್ತು. ಬಟ್ಟೆಯ ಹೆಸರೇ ಸಾವಿನ ಲೆಕ್ಕಕ್ಕೆ ಸೇರಿಕೊಂಡಿತು.

ಯೋಹಾನನ ಸುವಾರ್ತೆ ಓದುವಾಗ ಕಣ್ಣು ನಿಲ್ಲುವುದೂ ಬಟ್ಟೆಯ ಮೇಲೆಯೇ. ಗೋರಿಯಿಂದ ಹೊರಬಂದ ಲಾಜರನ ಕೈಕಾಲಿಗೆ ಹೆಣದ ಬಟ್ಟೆ ಸುತ್ತಿಕೊಂಡೇ ಇತ್ತು, ಬಿಚ್ಚುವುದಕ್ಕೆ ಬೇರೆಯವರು ಬೇಕಾಯಿತು. ಯೇಸುವಿನ ಗೋರಿಯಲ್ಲಿ ನಾರುಬಟ್ಟೆ ಬಿದ್ದಿದ್ದವು. ತಲೆಗೆ ಸುತ್ತಿದ್ದ ವಸ್ತ್ರ ಅವುಗಳ ಜೊತೆಗಲ್ಲದೆ ಬೇರೆ ಕಡೆ ಸುತ್ತಿಟ್ಟಂತೆ ಇತ್ತು. ಹೋದವನು ಅವಸರದಲ್ಲಿರಲಿಲ್ಲ.

ಚರ್ಚಿನೊಳಗೆ ಆ ಹೊತ್ತಿಗೆ ನೀರು ಹುಯ್ದಾಗಿತ್ತು. ಮಗು ಒಮ್ಮೆ ಕಿರುಚಿ ಸುಮ್ಮನಾಯಿತು. ಚಿಕ್ಕಮ್ಮ ಲೇಸಿನ ಗೌನನ್ನು ಬಿಡಿಸಿ ಹಿಡಿದಳು. ತೋಳು ಬಿಗಿಯಾಗಿ, ಪುಟ್ಟ ಮುಷ್ಟಿ ಒಳಗೇ ಸಿಕ್ಕಿಕೊಂಡಿತು. ಅಜ್ಜಿ ತೋಳಿನ ಬಾಯೊಳಗೆ ಎರಡು ಬೆರಳು ಇಳಿಸಿ ಮುಷ್ಟಿಯನ್ನು ಮೆಲ್ಲಗೆ ಹೊರಗೆ ಎಳೆದುಕೊಂಡರು. ‘ಹಾಕಿದ್ದಾಯ್ತಾ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.