ಫೋಲೇಟಿನ ಮಾನವೂ ಪ್ರತಿಮಾನವೂ

ತೂಕದ ಕಲ್ಲುಗಳನ್ನು ಕಬ್ಬಿಣದಿಂದಾಗಲಿ, ಮಗಧ ಮೇಕಲ ಪ್ರದೇಶಗಳ ಶಿಲೆಯಿಂದಾಗಲಿ, ನೀರಿನಿಂದಲೂ ಲೇಪದಿಂದಲೂ ಹೆಚ್ಚದೆ ಕಾವಿನಿಂದ ಕುಗ್ಗದೆ ಇರುವ ಬೇರೊಂದು ವಸ್ತುವಿನಿಂದಾಗಲಿ ಮಾಡಿಸತಕ್ಕದ್ದೆಂದು ಕೌಟಿಲ್ಯನು ವಿಧಿಸಿರುವನು. 1909ರಲ್ಲಿ ಆರ್. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ಅರ್ಥಶಾಸ್ತ್ರವನ್ನು ಮುದ್ರಿಸಿದಂದಿನಿಂದ ಈ ವಿಧಿಯು ವಿದ್ವಾಂಸರಿಗೆ ವಿದಿತವಾದುದೇ. ಆದರೆ ಅಳೆಯಬೇಕಾದ ಪದಾರ್ಥವೇ ಕಾವಿಗೂ ಬೆಳಕಿಗೂ ಗಾಳಿಗೂ ಕ್ಷಯಿಸತಕ್ಕದ್ದಾದರೆ ಅದಕ್ಕೆ ಪ್ರತಿಮಾನವನ್ನು ಕಲ್ಪಿಸುವುದೆಂತು? ಸೊಪ್ಪುಗಳಲ್ಲಿರುವ ಫೋಲೇಟೆಂಬ ಜೀವಸತ್ತ್ವದ ಚರಿತ್ರೆಯು ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆಯೇ ಆಗಿದೆ.

1928ರಲ್ಲಿ ಭರತಖಂಡಕ್ಕೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಅದು ಯೀಸ್ಟಿನ ಸಾರದಿಂದ ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದಳು. ಸಾರದಲ್ಲಿದ್ದ ದ್ರವ್ಯವಾವುದೆಂಬುದು ಆಗ ತಿಳಿಯದು. 1941ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬ ಮೂವರು 4 ಟನ್ನು ಪಾಲಕದ ಸೊಪ್ಪನ್ನು ಶೋಧಿಸಿ, ಸೂಕ್ಷ್ಮಜೀವಿಗಳ ವೃದ್ಧಿಗೆ ಬೇಕಾದ ಒಂದು ಅಮ್ಲವನ್ನು ಸಾಂದ್ರಗೊಳಿಸಿದರು. ಲ್ಯಾಟಿನಿನಲ್ಲಿ ಎಲೆಯ ವಾಚಕವಾದ ಫೋಲಿಯಂ ಎಂಬ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. (ಪರ್ಣಾಮ್ಲವೆಂದರೆ ನಮ್ಮವರಿಗೆ ಅರ್ಥವು ಒಡನೆಯೇ ಹೊಳೆಯುವುದು.) ಶುದ್ಧದ್ರವ್ಯವು ಇನ್ನೂ ಕೈಗೆ ಬಾರದಿದ್ದುದರಿಂದ, ಒಂದು ಯಕೃತ್ಸಾರದ ಬಲವನ್ನು 1 ಎಂದು ಹಿಡಿದು ಅದಕ್ಕೆ ಎಷ್ಟು ಮಡಿ ಎಂದು ಎಣಿಸುತ್ತಿದ್ದರು. ಈ ಪದಾರ್ಥಕ್ಕೆ ಏರ್ಪಟ್ಟ ಮೊದಲ ಪ್ರತಿಮಾನಗಳಲ್ಲಿ ಇದನ್ನು ಎಣಿಸುವುದು ಯುಕ್ತ.

1945ರಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ, ಆಮ್ಲವು ಕೃತಕವಾಗಿ ಸಿದ್ಧವಾಯಿತು. ತಕ್ಕಡಿಯಲ್ಲಿಟ್ಟು ತೂಗಬಹುದಾದ ಶುದ್ಧದ್ರವ್ಯವು ದೊರೆತ ಬಳಿಕ ಮಾನಪ್ರಶ್ನೆಯು ಮುಗಿಯಬೇಕಾಗಿತ್ತು. ಆದರೆ ತೊಡಕು ಪ್ರಾರಂಭವಾದುದೇ ಅಲ್ಲಿಂದ.

ಕಾರಣವೇನೆಂದರೆ, ತೂಗಿದ ಆಮ್ಲವೂ ಎಲೆಯಲ್ಲಿರುವ ಫೋಲೇಟೂ ಒಂದೇ ಅಲ್ಲ. ಎಲೆಯಲ್ಲಿ ಅದು ಬಹುಮಟ್ಟಿಗೆ ಮೀಥೈಲ್ ರೂಪದಲ್ಲಿರುವುದು. ಮೇಲಾಗಿ ಗ್ಲುಟಮಿಕ್ ಆಮ್ಲದ ಹಲವು ಕೊಂಡಿಗಳ ಸರಪಳಿಯು ಅದಕ್ಕೆ ತೊಡಕಿಕೊಂಡಿರುವುದು. ಆದ್ಯರು ಪರೀಕ್ಷೆಗೆ ಬಳಸಿದ ಸ್ಟ್ರೆಪ್ಟೊಕಾಕಸ್ ಜೀವಿಯು ಈ ಮೀಥೈಲ್ ರೂಪದಿಂದ ಬೆಳೆಯಲಾರದು. ಎಲೆಯ ಹೆಸರನ್ನು ಹೊತ್ತ ದ್ರವ್ಯವನ್ನು ಅಳೆಯಲು ಹೊರಟ ಸಾಧನವು ಎಲೆಯಲ್ಲಿ ಅಧಿಕವಾಗಿರುವುದನ್ನೇ ಕಾಣದೆ ಹೋಯಿತೆಂಬುದು ವಿಪರ್ಯಾಸ. ಲ್ಯಾಕ್ಟೊಬ್ಯಾಸಿಲಸ್ ಕೇಸೈ ಎಂಬುದು ಮೀಥೈಲ್ ರೂಪವನ್ನು ಗ್ರಹಿಸುವುದಾದರೂ ಮೂರಕ್ಕಿಂತ ಹೆಚ್ಚು ಕೊಂಡಿಗಳಿದ್ದಲ್ಲಿ ಅದರ ಬೆಳವಣಿಗೆ ಕುಂಠಿತವಾಗುವುದು. ಆದುದರಿಂದ ಕೋಳಿಯ ಮೇದೋಜೀರಕಗ್ರಂಥಿಯಿಂದಲೋ ಹಂದಿಯ ಮೂತ್ರಪಿಂಡದಿಂದಲೋ ಪಡೆದ ಕಿಣ್ವದಿಂದ ಸರಪಳಿಯನ್ನು ಮೊದಲು ಕಡಿಯಬೇಕು. ಆಸ್ಕಾರ್ಬಿಕ್ ಆಮ್ಲವನ್ನು ಸೇರಿಸಿ ಗಾಳಿಯಿಂದ ಕಾಪಾಡಬೇಕು. ಪಿಷ್ಟವನ್ನೂ ಪ್ರೋಟೀನನ್ನೂ ಕರಗಿಸುವ ಇನ್ನೆರಡು ಕಿಣ್ವಗಳನ್ನೂ ಕೂಡಿಸುವುದು ಮುಂದೆ ರೂಢಿಗೆ ಬಂದಿತು. ಇವುಗಳಲ್ಲಿ ಒಂದರಲ್ಲಿ ವ್ಯತ್ಯಾಸವಾದರೂ ಒಂದೇ ಸೊಪ್ಪಿಗೆ ಎರಡು ಶಾಲೆಗಳಲ್ಲಿ ಎರಡು ಅಂಕಿಗಳು ಬರುವುವು.

ಈ ಭೇದವು ಕೇವಲ ಪಂಡಿತರ ವಾದವಲ್ಲ. ಹಿಂದೆ ನರನಾಳದ ವೈಕಲ್ಯವುಳ್ಳ ಶಿಶುವನ್ನು ಗರ್ಭದಲ್ಲಿ ಹೊತ್ತಿದ್ದ ಸ್ತ್ರೀಯರಿಗೆ, ಗರ್ಭಧಾರಣೆಯ ಕಾಲದಲ್ಲಿ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲವನ್ನು ಕೊಟ್ಟರೆ, ಆ ದೋಷದ ಪುನರಾವೃತ್ತಿಯು ನೂರಕ್ಕೆ 72ರಷ್ಟು ತಗ್ಗುವುದೆಂದು 1991ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಶೋಧನ ಮಂಡಲಿಯ ಪರೀಕ್ಷೆಯು ತೋರಿಸಿತು. ಅಂದಿನಿಂದ ಆಹಾರಕೋಷ್ಟಕದ ಈ ಒಂದು ಅಂಕಣಕ್ಕೆ ಹಿಂದಿಲ್ಲದ ಗೌರವವು ಬಂದಿತು. ಆಯ್‌ಕ್ರಾಯ್ಡನು ಕೂನೂರಿನಿಂದ 1937ರಲ್ಲಿ ಹೊರಡಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಫೋಲೇಟಿನ ಹೆಸರೇ ಇರಲು ಶಕ್ಯವಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ ಅದಕ್ಕೆ ಸ್ಥಾನವುಂಟು.

ಕೌಟಿಲ್ಯನ ನಿಬಂಧನೆಯನ್ನು ಹೋಲುವ ಪ್ರತಿಮಾನವು ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಸಿದ್ಧವಾಯಿತು. ತರಕಾರಿಗಳ ಮಿಶ್ರಣವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರನ್ನು ಹೀರಿ, ಪುಡಿಯನ್ನಾಗಿಸಿ, ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಭೇದವಿಲ್ಲವೆಂದೂ ಕಾಲಾಂತರದಲ್ಲಿ ಕ್ಷಯವಿಲ್ಲವೆಂದೂ ಪರೀಕ್ಷಿಸಿ, ಹಲವು ಶಾಲೆಗಳ ಅಳತೆಗಳನ್ನು ತುಲನೆಮಾಡಿ ಬೆಲೆಯನ್ನು ಕಟ್ಟಿದರು. 485ನೆಯ ಸಂಖ್ಯೆಯ ಆ ಪುಡಿಯ 100 ಗ್ರಾಮಿನಲ್ಲಿ 315 ಮೈಕ್ರೋಗ್ರಾಂ ಫೋಲೇಟು. ಹೆಚ್ಚುಕಡಿಮೆಯ ಮಿತಿ 28. ಆ ಮಿತಿಯನ್ನು ಮುಚ್ಚದೆ ಬರೆದುದೇ ಅದರ ಪ್ರಾಮಾಣ್ಯ. ಆದರೂ ಈ ಬೆಲೆಯು ಸೂಕ್ಷ್ಮಜೀವಿಯ ಪರೀಕ್ಷೆಯಿಂದ ನಿರ್ಣೀತವಾದುದು. ಒಂದೊಂದು ರೂಪವನ್ನೂ ಪ್ರತ್ಯೇಕಿಸಿ ಅಳೆಯುವ ದ್ರವವರ್ಣಲೇಖನದ ಕ್ರಮದಲ್ಲಿ ಸಾಮಾನ್ಯವಾಗಿ ಅಂಕಿಯು ಕೆಳಗೇ ನಿಲ್ಲುವುದು. ಅಲ್ಲದೆ ಅದು ಮಿಶ್ರಣವೇ ಹೊರತು ಕೇವಲ ಸೊಪ್ಪಿನ ಪುಡಿಯಲ್ಲ.