ಬೂಟಿನಂಗಡಿಯ ಕ್ಷ-ಕಿರಣ ಪೆಟ್ಟಿಗೆ

ಶೀತದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ತಾಯ್ತಂದೆಯರಿಗೆ ತಪ್ಪದೆ ಒದಗುವ ಕೆಲಸವೊಂದುಂಟು. ಹೋದ ವರ್ಷದ ಬೂಟುಗಳನ್ನು ಹೊರತೆಗೆದು ಮಕ್ಕಳ ಕಾಲಿಗೆ ತೊಡಿಸಿ ನೋಡುವುದು. ಅವು ಹಿಡಿಸಲಾರವೆಂದು ಖಚಿತವಾದ ಮೇಲೆ ಮಕ್ಕಳನ್ನು ಹೊರಡಿಸಿಕೊಂಡು ಅಂಗಡಿಗೆ ಹೋಗುವುದು. ಹಿಮದಲ್ಲಿ ನಡೆಯುವ ಕಾಲಿಗೆ ಬೂಟು ಅಲಂಕಾರವಲ್ಲ. ಸಡಿಲವಾದರೆ ಹಿಮ್ಮಡಿ ಉಜ್ಜಿ ಬೊಕ್ಕೆಯೇಳುತ್ತದೆ. ಬಿಗಿಯಾದರೆ ರಕ್ತಸಂಚಾರ ಕುಂದಿ ಬೆರಳು ಮರಗಟ್ಟುತ್ತದೆ. ಉಣ್ಣೆಯ ಕಾಲುಚೀಲಕ್ಕೂ, ವಸಂತದವರೆಗೆ ಬೆಳೆಯಲಿರುವ ಪಾದಕ್ಕೂ ಒಂದಿಷ್ಟು ಎಡೆ ಬೇಕು. ನಮ್ಮಲ್ಲಿ ಜೂನ್ ತಿಂಗಳಲ್ಲಿ ಶಾಲೆಯ ಬೂಟು ಕೊಳ್ಳುವ ತಾಯಿ “ಒಂದು ನಂಬರು ದೊಡ್ಡದೇ ಕೊಡಿ” ಎಂದರೆ ಮಾತು ಮುಗಿಯಿತು. ಮನೆಗೆ ಬಂದು ಹೊಸ್ತಿಲಾಚೆ ಬೂಟು ಬಿಚ್ಚಿದೊಡನೆ ಪಾದಕ್ಕೆ ಬಿಡುಗಡೆ. ಅಲ್ಲಿಯ ತಾಯಿಗೆ ಈ ನಿರಾಳವಿಲ್ಲ.

ಬೂಟಿನೊಳಗೆ ಪಾದ ಹೇಗಿದೆಯೆಂಬುದು ಕಣ್ಣಿಗೆ ಕಾಣದಿರುವುದೇ ತೊಡಕು. ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಹಳೆಯ ಪರೀಕ್ಷೆ. ಆದರೆ ಚಳಿಗಾಲದ ಬೂಟಿನ ತೊಗಲು ದಪ್ಪ, ಮೂತಿ ಗಟ್ಟಿ. ಒತ್ತಿದ ಕೈಗೆ ತೊಗಲು ಸಿಕ್ಕೀತೇ ಹೊರತು ಕಾಲ್ಬೆರಳು ಸಿಕ್ಕದು. ಮಗುವನ್ನೇ ಕೇಳೋಣವೆಂದರೆ, ಬಣ್ಣ ಮೆಚ್ಚಿದ ಜೋಡಿ ಎಷ್ಟು ಕಚ್ಚಿದರೂ ಅದು ಸರಿಯಾಗಿದೆಯೆನ್ನುತ್ತದೆ. ಮೆಚ್ಚದಿದ್ದರೆ ಕಚ್ಚದ ಕಡೆಯೂ ನೋವೇ. 1920ರ ದಶಕದಲ್ಲಿ ಈ ಸಂದೇಹಕ್ಕೆ ಪರಿಹಾರವೆಂದು ಅಮೆರಿಕದ ಅಂಗಡಿಗಳಿಗೆ ಯಂತ್ರವೊಂದು ಬಂದಿತು.

ಎದೆಯೆತ್ತರದ ಒಂದು ಮರದ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಕೆಳಗೆ ಪಾದಗಳನ್ನು ತೂರಿಸಲು ಒಂದು ಕಿಂಡಿ. ಹತ್ತಿ ನಿಲ್ಲಲು ಒಂದು ಮೆಟ್ಟಿಲು. ನೆತ್ತಿಯ ಮೇಲೆ ನೋಡಲು 3 ಕೊಳವೆಗಳು. ಒಂದು ಮಗುವಿಗೆ, ಒಂದು ತಾಯಿಗೆ, ಇನ್ನೊಂದು ಅಂಗಡಿಯಾತನಿಗೆ. ಗುಂಡಿಯೊತ್ತಿದರೆ ಪಾದದಡಿಯ ನಳಿಕೆಯಿಂದ ಹೊರಟ ಕ್ಷ-ಕಿರಣಗಳು ಬೂಟನ್ನೂ ಪಾದವನ್ನೂ ಹಾಯ್ದು ಮೇಲಿನ ಹೊಳಪು ತೆರೆಗೆ ಬಡಿಯುತ್ತಿದ್ದವು. ಸುಮಾರು 20 ಸೆಕೆಂಡುಗಳ ಕಾಲ ಮಂದವಾದ ಹಸಿರು ಬೆಳಕಿನಲ್ಲಿ ಕಾಲ್ಬೆರಳುಗಳ ಎಲುಬು, ಬೂಟಿನ ಮೊಳೆ, ಹೊಲಿಗೆಯ ಸಾಲು ಎಲ್ಲವೂ ಕಾಣಿಸುತ್ತಿದ್ದವು. ಬೆರಳಾಡಿಸಿದರೆ ಎಲುಬೂ ಆಡುತ್ತಿತ್ತು! ಮಕ್ಕಳು ಮತ್ತೆ ಮತ್ತೆ ಹತ್ತಿ ಗುಂಡಿಯೊತ್ತುತ್ತಿದ್ದುದರಲ್ಲಿ ಸೋಜಿಗವೇನಿದೆ? ದೊಡ್ಡವರೂ ಬಗ್ಗಿ ನೋಡುತ್ತಿದ್ದರು.

ಬಾಸ್ಟನ್ನಿನ ಡಾಕ್ಟರ್ ಜೇಕಬ್ ಲೋ ಇಂಥ ಯಂತ್ರಕ್ಕೆ 1919ರಲ್ಲಿ ಪೇಟೆಂಟು ಕೋರಿದನು. ಅದು ದೊರೆತದ್ದು 1927ರಲ್ಲಿ. ಅಷ್ಟರಲ್ಲಿ ಮಿಲ್ವಾಕಿ ನಗರದಲ್ಲಿ ಇದರ ತಯಾರಿಕೆ ನೆಲೆಗೊಂಡಿತು. ಇಂಗ್ಲೆಂಡಿನಲ್ಲಿ ‘ಪೆಡೊಸ್ಕೋಪ್’ ಎಂಬ ಹೆಸರಿನಲ್ಲಿ ಹಬ್ಬಿತು. 1950ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಸುಮಾರು 10,000, ಬ್ರಿಟನ್ನಿನಲ್ಲಿ ಸುಮಾರು 3,000 ಯಂತ್ರಗಳು ಇದ್ದವೆಂದು ಅಂದಾಜು.

ಕಿರಣದ ಅಪಾಯ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲವೆಂದು ನಾವು ಭಾವಿಸಿದರೆ ಅದು ಸರಿಯಲ್ಲ. ರಾಂಟ್ಜೆನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಒಂಬತ್ತೇ ವರ್ಷಗಳಲ್ಲಿ, 1904ರಲ್ಲಿ, ಎಡಿಸನ್ನನ ಪ್ರಯೋಗಶಾಲೆಯಲ್ಲಿ ಈ ಕಿರಣಗಳೊಡನೆ ದುಡಿಯುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬಾತ ಎರಡೂ ತೋಳುಗಳನ್ನು ಕಳೆದುಕೊಂಡು ಸತ್ತನು. ಎಡಿಸನ್ ಆ ಕೆಲಸದಿಂದಲೇ ಕೈತೊಳೆದುಕೊಂಡನು. ಲೋ ಪೇಟೆಂಟು ಕೋರಿದ್ದು ಇದಾದ ಹದಿನೈದು ವರ್ಷಗಳ ಮೇಲೆ. ಅಜ್ಞಾನಕ್ಕಿಂತ ಅಸಡ್ಡೆಯ ಪಾಲೇ ಇಲ್ಲಿ ಹೆಚ್ಚೆಂದು ನನಗನ್ನಿಸುತ್ತದೆ. ಆಸ್ಪತ್ರೆಯಲ್ಲಿ ಎಚ್ಚರದಿಂದ ಬಳಸಬೇಕಾದ ವಸ್ತು ಅಂಗಡಿಗೆ ಬಂದೊಡನೆ ಬರಿಯ ಪೀಠೋಪಕರಣವಾಗಿಬಿಟ್ಟಿತು.

ವ್ಯಾಪಾರದ ದೃಷ್ಟಿಯಿಂದ ಮಾತ್ರ ಇದು ಜಾಣತನದ ಉಪಾಯ. ಅಳತೆ ತಪ್ಪಿದ ಬೂಟು ಮಗುವಿನ ಪಾದವನ್ನು ಜೀವಮಾನಕ್ಕೆ ಕೆಡಿಸೀತೆಂಬ ಅಂಜಿಕೆಯನ್ನು ಜಾಹೀರಾತುಗಳು ತಾಯಂದಿರಲ್ಲಿ ಬಿತ್ತುತ್ತಿದ್ದವು. ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ. ಅದರಿಂದಲೇ ಅದಕ್ಕೆ ಬಲ. ಅಂಗಡಿಯಾತನ ಬಾಯಿಮಾತನ್ನು ಅನುಮಾನಿಸಬಹುದು. ಸ್ವಂತ ಕಣ್ಣಿನಿಂದ ಕಂಡ ಎಲುಬನ್ನು ಅನುಮಾನಿಸುವುದು ಹೇಗೆ? ಆದರೆ ಆಕೆ ಕಂಡದ್ದಾದರೂ ಏನು? ಎಲುಬು ಸ್ಪಷ್ಟವಾಗಿ ಕಾಣುತ್ತಿತ್ತು, ಮಾಂಸ ಮಸುಕಾಗಿ. ಬೂಟು ಕಚ್ಚುವುದು ಮಾಂಸವನ್ನು. ಮೇಲಿನಿಂದ ಕಂಡ ನೆರಳಿನಲ್ಲಿ ಉದ್ದ ಅಗಲಗಳು ತಿಳಿದಾವು. ಬೆರಳ ಮೇಲಣ ಒತ್ತಡ ತಿಳಿಯದು. ಆಕೆ ಯಾವ ಸಂದೇಹದಿಂದ ಅಂಗಡಿಗೆ ಬಂದಿದ್ದಳೋ ಅದು ತೀರದೆ ಹಾಗೆಯೇ ಉಳಿಯಿತು. ತೀರಿತೆಂಬ ನಂಬಿಕೆಯೊಂದು ಮಾತ್ರ ಹೊಸದಾಗಿ ಬಂದಿತು.

ಅಮೆರಿಕದಲ್ಲಿ 1946ರಲ್ಲಿ ಒಂದು ಮಾನಕವನ್ನು ಗೊತ್ತುಪಡಿಸಿ, ಮಗುವನ್ನು ವರ್ಷಕ್ಕೆ 12 ಸಲಕ್ಕಿಂತ ಹೆಚ್ಚು ಈ ಕಿರಣಕ್ಕೆ ಒಡ್ಡಬಾರದೆಂದರು. ಮಕ್ಕಳೊಡನೆ ಬೂಟು ಕೊಂಡವರಿಗೆ ಈ ಲೆಕ್ಕದ ಪೊಳ್ಳುತನ ಹೇಳಬೇಕಾಗಿಲ್ಲ. ಶಾಲೆಗೊಂದು, ಹಿಮಕ್ಕೊಂದು ಜೋಡಿ. ಒಂದೊಂದನ್ನು ಆರಿಸಲು ನಾಲ್ಕಾರು ಜೋಡಿ ತೊಟ್ಟುನೋಡಬೇಕು. ನಡುವೆ ಆಟಕ್ಕೆಂದು ಒತ್ತಿದ ಗುಂಡಿ ಬೇರೆ. ವರ್ಷದ ಪಾಲು ಒಂದು ಮಧ್ಯಾಹ್ನದಲ್ಲೇ ತೀರಬಹುದು. ಎಣಿಸುವವರಾದರೂ ಯಾರು?

ಎಚ್ಚರಿಕೆಯ ಮಾತು ಬಲವಾಗಿ ಕೇಳಿಬಂದದ್ದು ಪರಮಾಣು ಬಾಂಬಿನ ತರುವಾಯ. 1949ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಈ ಯಂತ್ರಗಳ ಕುರಿತು ಎರಡು ಲೇಖನಗಳನ್ನು ಪ್ರಕಟಿಸಿತು. ಅವುಗಳಲ್ಲೊಂದನ್ನು ಬರೆದ ಲೂಯಿ ಹೆಂಪಲ್‌ಮನ್, ಬಾಂಬು ಸಿದ್ಧವಾದ ಲಾಸ್ ಅಲಮೋಸ್‌ನಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಂಡಿದ್ದ ವೈದ್ಯ. ವಿಕಿರಣ ಏನು ಮಾಡಬಲ್ಲದೆಂಬುದನ್ನು ಹತ್ತಿರದಿಂದ ಕಂಡವನು ಬೂಟಿನಂಗಡಿಯ ಪೆಟ್ಟಿಗೆಯ ಮಾತೆತ್ತಿದಾಗ ಕಿವಿಗೊಡದೆ ಇರುವುದು ಕಷ್ಟವಾಯಿತು. ಬೆಳೆಯುತ್ತಿರುವ ಎಲುಬು ಕಿರಣಕ್ಕೆ ಬೇಗ ತುತ್ತಾಗುತ್ತದೆ. ಸೋರಿ ಚದರಿದ ಕಿರಣಕ್ಕೆ ಎತ್ತರ ಕಡಿಮೆಯಾದ ಮಗುವಿನ ಸೊಂಟವೂ ಹತ್ತಿರ. ಅಂಗಡಿಯ ನೌಕರರ ಪಾಡು ಇನ್ನೂ ಕಷ್ಟದ್ದು. ದಿನವಿಡೀ ಪೆಟ್ಟಿಗೆಯ ಬಳಿ ನಿಂತು, ಒಮ್ಮೊಮ್ಮೆ ಕಿರಣ ಹಾಯುತ್ತಿರುವಾಗಲೇ ಕೈ ತೂರಿಸಿ ಬೂಟನ್ನು ಒತ್ತಿ ತೋರಿಸುತ್ತಿದ್ದರು.

1957ರಲ್ಲಿ ಪೆನ್ಸಿಲ್ವೇನಿಯ ರಾಜ್ಯ ಮೊದಲು ಇದನ್ನು ನಿಷೇಧಿಸಿತು. 1970ರ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು. ಬ್ರಿಟನ್ನಿನಲ್ಲಿ ಮೊದಲು ಎಚ್ಚರಿಕೆಯ ಫಲಕದಿಂದಲೇ ತೃಪ್ತಿಪಟ್ಟರು. 1981ರಲ್ಲಿಯೂ ಪಶ್ಚಿಮ ವರ್ಜೀನಿಯದ ಅಂಗಡಿಯೊಂದರಲ್ಲಿ ಇಂಥ ಯಂತ್ರ ಬಳಕೆಯಲ್ಲಿದ್ದುದು ಕಂಡುಬಂದಿತು. ಆಸ್ಪತ್ರೆಯಾಗಿದ್ದರೆ ರೋಗಿಯ ಹೆಸರು, ಕಿರಣದ ಪ್ರಮಾಣ ಎಲ್ಲಿಯಾದರೂ ದಾಖಲಾಗುತ್ತಿತ್ತು. ಅಂಗಡಿಯಲ್ಲಿ ಬರೆದಿಟ್ಟದ್ದು ಬೂಟಿನ ಬೆಲೆಯೊಂದನ್ನೇ. ಆ ಮೆಟ್ಟಿಲು ಹತ್ತಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಮುಂದೆ ಕೇಡಾಯಿತೆಂದು ಹುಡುಕಲು ಹೊರಡುವವರಿಗೆ ಒಂದು ಪಟ್ಟಿಯೂ ಇಲ್ಲ.

ಇದೇ 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ ಚಾರ್ಲ್ಸ್ ಬ್ರಾನಕ್ ಎಂಬ ಬೂಟಿನ ವ್ಯಾಪಾರಿಯ ಮಗ ಲೋಹದ ಅಳತೆಪಟ್ಟಿಯೊಂದನ್ನು ರೂಪಿಸಿದನು. ಹಿಮ್ಮಡಿಯನ್ನು ಹಿಂಬದಿಯ ಅಂಚಿಗೆ ತಾಗಿಸಿ ನಿಂತರೆ ಪಾದದ ಉದ್ದ, ಅಗಲ, ಹೆಬ್ಬೆರಳ ಬುಡದ ಕೀಲಿನವರೆಗಿನ ದೂರ ಮೂರನ್ನೂ ಅದು ಹೇಳುತ್ತದೆ. ಅದಕ್ಕೆ ವಿದ್ಯುತ್ತು ಬೇಡ, ಎಲುಬು ಕಾಣಿಸಬೇಕಾಗಿಲ್ಲ. ಅದು ಇಂದಿಗೂ ಬಳಕೆಯಲ್ಲಿದೆ. ಚಳಿ ಕಾಲಿಡುವ ದಿನಗಳಲ್ಲಿ ಅಂಗಡಿಯಾತ ಮಗುವಿನ ಮುಂದೆ ಮಂಡಿಯೂರಿ ಆ ಪಟ್ಟಿಯನ್ನಿಡುತ್ತಾನೆ. ಬೂಟು ತೊಡಿಸಿದ ಮೇಲೆ ತಾಯಿ ಮೂತಿಯನ್ನು ಒತ್ತಿ ನೋಡುತ್ತಾಳೆ. ಅನಂತರ ಮಗುವನ್ನು ಅಂಗಡಿಯ ಆ ತುದಿಯವರೆಗೆ ನಡೆದು ಬಾ ಎಂದು ಕಳಿಸಿ, ಅದು ಕಾಲೂರುವ ಬಗೆಯನ್ನು ಗಮನಿಸುತ್ತಾಳೆ.